ಓಟ ಮುಗಿದ ನಾಯಿ ಮತ್ತು ಶ್ರಾವಕನ ಋಣ

ಕನ್ನಡ ನಾಡಿನಲ್ಲಿ ಅರಸರಿಗೆ, ರಣದಲ್ಲಿ ಮಡಿದ ವೀರರಿಗೆ, ಸಮಾಧಿಮರಣವನ್ನು ಪಡೆದ ಮುನಿಗಳಿಗೆ ಹಾಗೂ ಶ್ರಾವಕ ಶ್ರಾವಿಕೆಯರಿಗೆ ಕಲ್ಲುಗಳನ್ನು ನಿಲ್ಲಿಸಿರುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಒಂದು ಬೇಟೆನಾಯಿಯ ನೆನಪಿಗಾಗಿ ಕಲ್ಲನ್ನು ನೆಟ್ಟು, ಅದರ ಪೂಜೆಗೆಂದು ಭೂಮಿಯನ್ನು ದತ್ತಿ ಬಿಟ್ಟ ಸಂಗತಿಯನ್ನು ತಿಳಿದವರು ಕಡಿಮೆ. ಆ ಕಲ್ಲು ದೊರೆತದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50.

ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಕೃಷ್ಣನು ಮೆಚ್ಚಿ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರವೇ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಕಡೆಯ ವೀರ ಮಣಲೆರನೂ ಆ ಕಾಳಗದಲ್ಲಿ ಮೆರೆದನು. ಏನು ಬೇಕೋ ಬೇಡಿಕೊ ಎಂದಾಗ ಅವನು ಬೇಡಿದ್ದು ಹೊನ್ನನ್ನಲ್ಲ, ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಕೆಳಲೆನಾಡಿನ ಬೆಳ್ತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲಾಯಿತು. ನಾಯಿಯೂ ಹಂದಿಯೂ ಹೋರಾಡಿ ಜೊತೆಯಲ್ಲಿಯೇ ಸತ್ತವು. ಆತಕೂರಿನ ಚೆಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಗದ್ದೆಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂಬ ಕಟ್ಟಳೆಯನ್ನೂ ಬರೆಸಿದರು. ನಾಯಿ ಹಂದಿಗಳ ಹೋರಾಟದ ಚಿತ್ರವು ಕಲ್ಲಿನಲ್ಲಿ ಇಂದಿಗೂ ಸ್ಪಷ್ಟವಾಗಿದೆ.

ಈ ಶಾಸನವನ್ನು ಪ್ರಾಣಿಪ್ರೀತಿಯ ನಿದರ್ಶನವೆಂದು ಹೊಗಳುವುದು ವಾಡಿಕೆ. ಒಬ್ಬ ವೀರನು ಸಂಪತ್ತಿಗಿಂತ ನಾಯಿಯನ್ನು ಹೆಚ್ಚೆಂದು ಬಗೆದದ್ದು ನಿಜವೇ. ಆದರೆ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಕಾಳಿಯು ಅಂದು ಸಾಯದೆ, ಒಂದು ಕಾಲನ್ನು ಮುರಿದುಕೊಂಡು ಕುಂಟುತ್ತ ಮನೆಗೆ ಬಂದಿದ್ದರೆ ಏನಾಗುತ್ತಿತ್ತು? ಮತ್ತೆಂದೂ ಓಡಲಾರದ ನಾಯಿಗೆ ದಿನಕ್ಕೆರಡು ಹೊತ್ತು ಅಂಬಲಿಯನ್ನು ಹಾಕಲು ಯಾರಾದರೂ ದತ್ತಿ ಬಿಡುತ್ತಿದ್ದರೆ? ಸತ್ತ ನಾಯಿಗೆ ಕಲ್ಲು ನಿಲ್ಲಿಸುವುದಕ್ಕೆ ಒಂದು ದಿನ ಸಾಕು. ಬದುಕಿರುವ ಮುದಿ ನಾಯಿಯನ್ನು ಸಾಕುವುದಕ್ಕೆ ವರ್ಷಗಳು ಬೇಕು. ಪ್ರಕೃತ ಲೇಖನದ ವಿಷಯ ಈ ಎರಡನೆಯ ಕೆಲಸವೇ ಆಗಿದೆ.

ಗಂಗರ ಮನೆತನದಲ್ಲಿಯೇ ಇನ್ನೊಂದು ದಾರಿಯೂ ತೆರೆದಿತ್ತೆಂಬುದು ಗಮನಾರ್ಹ. ಬೂತುಗನ ಅಕ್ಕ ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷಗಳ ಕಾಲ ತಪಸ್ಸು ಮಾಡಿ 971ರಲ್ಲಿ ದೇಹತ್ಯಾಗ ಮಾಡಿದಳು. ಬೂತುಗನ ಮಗ ಮಾರಸಿಂಹನು ಹಲವು ಯುದ್ಧಗಳನ್ನು ಗೆದ್ದ ಬಳಿಕ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡನು. ಬೇಟೆಯ ಹೆಮ್ಮೆ ಮತ್ತು ಜೀವದಯೆಯ ವ್ರತ ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಇದ್ದವು. ನಮ್ಮ ಕಾಲದಲ್ಲಿಯೂ ಹಾಗೆಯೇ ಇವೆ.

ಜೀವಂಧರನು ತೋರಿದ ದಾರಿ

ನಾಯಿಯ ವಿಷಯದಲ್ಲಿ ಜೈನ ಪರಂಪರೆಯ ನಿಲುವೇನು ಎಂಬುದಕ್ಕೆ ಜೀವಂಧರ ಕುಮಾರನ ಕಥೆಗಿಂತ ಬೇರೆ ಆಧಾರ ಬೇಕಿಲ್ಲ. ವಾದೀಭಸಿಂಹ ಸೂರಿಯು ಕ್ಷತ್ರಚೂಡಾಮಣಿ ಹಾಗೂ ಗದ್ಯಚಿಂತಾಮಣಿಗಳಲ್ಲಿ ಹೇಳಿದ ಈ ಕಥೆಯನ್ನು ಕನ್ನಡದಲ್ಲಿ ಭಾಸ್ಕರ ಕವಿಯು 1424ರಲ್ಲಿ ಭಾಮಿನೀ ಷಟ್ಪದಿಯಲ್ಲಿ ಹಾಡಿದನು. ತೆರಕಣಾಂಬಿಯ ಬೊಮ್ಮರಸನು ಸಾಂಗತ್ಯದಲ್ಲಿ ಬರೆದನು. ಯಜ್ಞದ ಹವಿಸ್ಸನ್ನು ಮುಟ್ಟಿತೆಂಬ ಕಾರಣಕ್ಕೆ ಜನರು ಹೊಡೆದು ಕೆಡಹಿದ ನಾಯಿಯೊಂದನ್ನು ಜೀವಂಧರನು ಕಂಡನು. ಅದನ್ನು ಬದುಕಿಸಲು ಆಗಲಿಲ್ಲ. ಆದರೆ ಅದನ್ನು ಬಿಟ್ಟು ಹೋಗಲಿಲ್ಲ. ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕಾಷ್ಠಾಂಗಾರನು ಜೀವಂಧರನನ್ನು ಕೊಲ್ಲಿಸಲೆತ್ನಿಸಿದಾಗ ಅವನನ್ನು ಕಾಪಾಡಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ನಾಯಿ ಜೀವಂಧರನದಲ್ಲ. ಅದು ಅವನಿಗಾಗಿ ಬೇಟೆಯಾಡಿರಲಿಲ್ಲ, ಅವನ ಮನೆಯನ್ನು ಕಾದಿರಲಿಲ್ಲ. ಸಾಯುತ್ತಿರುವ ಪ್ರಾಣಿಯಿಂದ ಅವನಿಗೆ ಯಾವ ಪ್ರಯೋಜನವೂ ಇರಲಿಲ್ಲ. ಪ್ರಯೋಜನವಿಲ್ಲದ ಜೀವದ ಮೇಲಿನ ದಯೆಯೇ ನಿಜವಾದ ದಯೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಧರ್ಮದ ಬಲದಿಂದ ನಾಯಿಯೂ ದೇವನಾಗಬಲ್ಲದು, ಪಾಪದಿಂದ ದೇವನೂ ನಾಯಿಯಾಗಬಲ್ಲನು ಎಂದು ಹೇಳಿರುವುದರ ಅಭಿಪ್ರಾಯವೂ ಇದೇ. ಪರ್ಯಾಯವು ಕ್ಷಣಿಕ, ಜೀವವು ನಿತ್ಯ.

ಯಂತ್ರದ ಮೊಲ

ಬೇಟೆನಾಯಿಗಳಲ್ಲಿ ಓಟಕ್ಕೆ ಹೆಸರಾದ ಜಾತಿ ಗ್ರೇಹೌಂಡ್. ನಮ್ಮ ನಾಡಿನ ಮುಧೋಳ ನಾಯಿಯೂ ಅದೇ ಬಗೆಯದು. ಉದ್ದನೆಯ ಮೂತಿ, ಒಳಕ್ಕೆ ಸೆಳೆದ ಹೊಟ್ಟೆ, ತೆಳುವಾದ ಚರ್ಮ, ವಾಸನೆಗಿಂತ ಕಣ್ಣಿನಿಂದಲೇ ಬೇಟೆಯನ್ನು ಹಿಡಿಯುವ ಗುಣ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಬ್ರಿಟಿಷ್ ಚಕ್ರವರ್ತಿ ಐದನೆಯ ಜಾರ್ಜನಿಗೆ ಒಂದು ಜೊತೆಯನ್ನು ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

ಗ್ರೇಹೌಂಡ್ ನಾಯಿಗಳ ಓಟವು ವ್ಯಾಪಾರವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1919ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ನಿಜವಾದ ಮೊಲದ ಬದಲು ಯಂತ್ರದಿಂದ ಓಡುವ ಮೊಲದ ಹಿಂದೆ ನಾಯಿಗಳನ್ನು ಓಡಿಸಲಾಯಿತು. 1926ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬೆಲ್ ವ್ಯೂ ಮೈದಾನದಲ್ಲಿ ಇದು ಆರಂಭವಾಯಿತು. ಇದನ್ನು ಕಂಡು ಹಿಂಸೆ ಕಡಿಮೆಯಾಯಿತೆಂದು ಹಲವರು ನಂಬಿದರು, ಮೊಲವು ಉಳಿಯಿತಲ್ಲವೇ ಎಂದರು. ಆದರೆ ಲೆಕ್ಕ ಬಲ್ಲವರಿಗೆ ಗೊತ್ತು, ಒಂದು ಖಾತೆಯಿಂದ ತೆಗೆದ ಮೊತ್ತ ಇನ್ನೊಂದು ಖಾತೆಯಲ್ಲಿ ಕಾಣಿಸಿಕೊಳ್ಳಲೇಬೇಕು. ಮೊಲದ ಖಾತೆಯಿಂದ ಹೊರಬಿದ್ದ ಹಿಂಸೆಯು ನಾಯಿಯ ಖಾತೆಗೆ ಜಮೆಯಾಯಿತು. ಇಂತಹ ನಾಯಿಯ ಆಯುಷ್ಯ ಹನ್ನೆರಡು ವರ್ಷಗಳ ಆಸುಪಾಸು. ಪಂದ್ಯದಲ್ಲಿ ಅದು ಓಡುವುದು ನಾಲ್ಕೈದು ವರ್ಷ ವಯಸ್ಸಾಗುವವರೆಗೆ ಮಾತ್ರ. ಉಳಿದ ಏಳೆಂಟು ವರ್ಷಗಳ ಹೊಣೆ ಯಾರದು? ಯಂತ್ರವಾದರೆ ವರ್ಷ ವರ್ಷವೂ ಸವಕಳಿಯನ್ನು ಬರೆದು ಕೊನೆಗೆ ಗುಜರಿಗೆ ಹಾಕಬಹುದು. ಪ್ರಾಣವಿರುವ ಜೀವಕ್ಕೆ ಸವಕಳಿಯ ಲೆಕ್ಕ ಹೊಂದುವುದಿಲ್ಲ. ಅನೇಕ ಕಡೆಗಳಲ್ಲಿ ಓಟ ಮುಗಿದ ನಾಯಿಗಳನ್ನು ಕೊಲ್ಲುವುದೇ ಪದ್ಧತಿಯಾಗಿತ್ತು.

ಅಲ್ಲಿಯೂ ಜನರ ಅಂತಃಕರಣ ಎಚ್ಚೆತ್ತಿತು. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ನಿವೃತ್ತ ಗ್ರೇಹೌಂಡ್‌ಗಳಿಗೆ ಮನೆ ಹುಡುಕಿಕೊಡುವ ಟ್ರಸ್ಟ್ ಹುಟ್ಟಿತು. 2018ರಲ್ಲಿ ಮಕಾವ್ ನಗರದ ನಾಯಿ ಓಟದ ಮೈದಾನ ಮುಚ್ಚಿದಾಗ ಉಳಿದಿದ್ದ ಐನೂರಕ್ಕೂ ಹೆಚ್ಚು ನಾಯಿಗಳಿಗೆ ದೇಶವಿದೇಶಗಳ ಕುಟುಂಬಗಳಲ್ಲಿ ಆಶ್ರಯವನ್ನು ಹುಡುಕಲಾಯಿತು. ಅದೇ ವರ್ಷ ಅಮೆರಿಕದ ಫ್ಲಾರಿಡಾ ರಾಜ್ಯದ ಮತದಾರರು ಈ ಪಂದ್ಯವನ್ನು ನಿಲ್ಲಿಸುವ ತೀರ್ಪು ಕೊಟ್ಟು, 2020ರ ಅಂತ್ಯಕ್ಕೆ ಅಲ್ಲಿ ಓಟಗಳು ನಿಂತವು. ಅಣುವ್ರತದ ಹೆಸರನ್ನೇ ಕೇಳದ ಜನರು ಓಟ ಮುಗಿದ ನಾಯಿಯನ್ನು ಮನೆಯೊಳಗೆ ಕರೆದುಕೊಂಡದ್ದು ನಮಗೆ ಸಂತೋಷವನ್ನೂ ಸ್ವಲ್ಪ ನಾಚಿಕೆಯನ್ನೂ ತರಬೇಕಾದ ವಿಷಯ.

ನಾಚಿಕೆ ಏಕೆಂದರೆ ಈ ಕಾರ್ಯದಲ್ಲಿ ಒಂದು ಕಾಲಕ್ಕೆ ನಮ್ಮ ವ್ಯಾಪಾರಿಗಳೇ ಮುಂದಿದ್ದರು. 1832ರಲ್ಲಿ ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರ್ಕಾರದ ಕ್ರಮದ ವಿರುದ್ಧ ಪಾರ್ಸಿಗಳು ಎದ್ದು ನಿಂತಾಗ ಜೈನ ಹಾಗೂ ಹಿಂದೂ ವರ್ತಕರೂ ಅಂಗಡಿಗಳನ್ನು ಮುಚ್ಚಿದರು. ಎರಡು ವರ್ಷಗಳ ಬಳಿಕ, 1834ರಲ್ಲಿ, ಸರ್ ಜಮ್‌ಷೆಟ್‌ಜೀ ಜೀಜೀಭಾಯ್ ಮತ್ತು ಜೈನ ಶ್ರೇಷ್ಠಿ ಮೋತಿಚಂದ್ ಅಮೀಚಂದ್ ಮೊದಲಾದವರು ಸೇರಿ ಮುಂಬಯಿ ಪಾಂಜರಪೋಳವನ್ನು ಸ್ಥಾಪಿಸಿದರು. ಕೇವಲ ಪ್ರತಿಭಟನೆ ಮಾಡಿ ಸುಮ್ಮನಾಗದೆ, ಪ್ರಾಣಿಗಳನ್ನು ಇರಿಸಿಕೊಳ್ಳಲು ಜಾಗವನ್ನೂ ಹಣವನ್ನೂ ಒದಗಿಸಿದ್ದೇ ಅವರ ದೊಡ್ಡಸ್ತಿಕೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಗ್ರೇಹೌಂಡ್ ಮೈದಾನಗಳಿಲ್ಲ. ಆದರೆ ದುಡಿದು ಮುಪ್ಪಾದ ನಾಯಿಗಳ ಪ್ರಶ್ನೆ ಇಲ್ಲಿಯೂ ಇದೆ. ನಮ್ಮ ಜಿಲ್ಲೆಯ ಪೊಲೀಸ್ ಇಲಾಖೆಯ ತುಂಗಾ ಎಂಬ ಡಾಬರ್‌ಮನ್ ಹೆಣ್ಣುನಾಯಿಯನ್ನು ನೆನೆಯದವರಾರು? 2020ರ ಜುಲೈ ತಿಂಗಳಲ್ಲಿ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಭಾಗದಲ್ಲಿ ನಡೆದ ಕೊಲೆಯ ಜಾಡು ಹಿಡಿದು ಸುಮಾರು ಹನ್ನೆರಡು ಕಿಲೋಮೀಟರ್ ಓಡಿ ಆರೋಪಿಯಿದ್ದ ಕಡೆಗೆ ಪೊಲೀಸರನ್ನು ಕರೆದೊಯ್ದಾಗ ಅದಕ್ಕೆ ಹತ್ತರ ಆಸುಪಾಸಿನ ಮುದಿ ವಯಸ್ಸು. 2022ರಲ್ಲಿ ಅದು ತೀರಿಕೊಂಡಾಗ ಇಲಾಖೆಯು ಗೌರವದಿಂದ ಅಂತ್ಯಸಂಸ್ಕಾರ ಮಾಡಿತು. ಅದರ ಹೆಸರನ್ನೇ ಹೊತ್ತ ಎರಡನೆಯ ತುಂಗಾ 2024ರಲ್ಲಿ ಸಂತೇಬೆನ್ನೂರು ಭಾಗದಲ್ಲಿ ರಾತ್ರಿ ಮಳೆಯಲ್ಲಿ ಎಂಟು ಕಿಲೋಮೀಟರ್ ಓಡಿ ಆರೋಪಿಯನ್ನು ಪತ್ತೆ ಹಚ್ಚಿದ್ದಲ್ಲದೆ, ಒಬ್ಬ ಹೆಣ್ಣುಮಗಳ ಪ್ರಾಣವೂ ಅದರಿಂದ ಉಳಿಯಿತು. 2019ರಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯು ದೆಹಲಿ ಮೆಟ್ರೊ ಕಾಯುತ್ತಿದ್ದ ಏಳು ನಾಯಿಗಳನ್ನು ಪದಕ ನೀಡಿ ಬೀಳ್ಕೊಟ್ಟು, ಅವುಗಳ ಮುಪ್ಪಿನ ಹೊಣೆಯನ್ನು ಒಂದು ಸೇವಾಸಂಸ್ಥೆಗೆ ಒಪ್ಪಿಸಿತು. ಸರ್ಕಾರಿ ಸೇವೆಯಲ್ಲಿರುವ ನಾಯಿಗೆ ಹೀಗೆ ಹೇಳುವವರು ಕೇಳುವವರು ಇದ್ದಾರೆ.

ಹೊನ್ನಾಳಿ, ನ್ಯಾಮತಿಗಳ ಕಡೆ ದೀಪಾವಳಿಯ ಕೊಬ್ಬರಿ ಹೋರಿಯನ್ನು ಸಾಕುವ ರೈತರು, ಓಡಲಾರದೆ ಹೋದ ಹೋರಿಯನ್ನು ಮನೆಮಗನಂತೆ ಕೊನೆಯವರೆಗೂ ಇರಿಸಿಕೊಳ್ಳುವುದುಂಟು. ಸತ್ತರೆ ಊರೇ ಸೇರಿ ಮಣ್ಣು ಮಾಡುವುದುಂಟು. ಆ ಸ್ಪರ್ಧೆಯನ್ನು ನಾನು ಒಪ್ಪುವವನಲ್ಲ, ಆದರೆ ಆ ಋಣಪ್ರಜ್ಞೆಗೆ ತಲೆಬಾಗುತ್ತೇನೆ. ಮೊಲ, ಹಂದಿಗಳ ಹಿಂದೆ ಬಿಡಲೆಂದು ತಂದ ಬೇಟೆನಾಯಿಗೆ ಈ ಭಾಗ್ಯವಿಲ್ಲ. ಬೇಟೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು ಕೊಂಡುಕುರಿಗಳಿಗಾಗಿಯೇ ಅಭಯಾರಣ್ಯವನ್ನಾಗಿ ಮಾಡಲಾಗಿದೆ. ಕದ್ದು ಮಾಡುವ ಕೆಲಸಕ್ಕೆ ಬಳಸಿದ ನಾಯಿಯನ್ನು ಮುಪ್ಪಿನಲ್ಲಿ ತನ್ನದೆಂದು ಒಪ್ಪಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಲೇಖನ ಪ್ರಾಮಾಣಿಕವಾಗುವುದಿಲ್ಲ. ಹಲವು ವರ್ಷಗಳ ಹಿಂದೆ ಒಂದು ಮುಂಜಾನೆ ನಮ್ಮ ಅಂಗಡಿಯ ಹಿಂದಿನ ಗೋದಾಮಿನ ಬಳಿ ಬಡಕಲು ಬೇಟೆನಾಯಿಯೊಂದು ಮಲಗಿತ್ತು. ಮುಂಗಾಲು ಹಿಂದೆಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಕುತ್ತಿಗೆಯಲ್ಲಿ ಹಗ್ಗದ ಗಾಯವಿತ್ತು. ರಾತ್ರಿ ಬಂದ ಯಾವುದೋ ಲಾರಿಯಿಂದ ಇಳಿಸಿ ಹೋಗಿದ್ದರು. ಒಂದು ರೊಟ್ಟಿ ಹಾಕಿದೆ. ಮಾಂಸ ತಿನ್ನುವ ಪ್ರಾಣಿ, ಬಸದಿಗೆ ಹೋಗಿ ಬರುವ ಮನೆ, ನಮಗೇಕೆ ಎಂದು ಮರುದಿನ ಕೆಲಸದ ಹುಡುಗನಿಗೆ ಹೇಳಿ ಊರ ಹೊರಗೆ ಬಿಡಿಸಿದೆ. ಮೂರನೆಯ ದಿನ ಅದು ಹೆದ್ದಾರಿಯ ಬದಿಯಲ್ಲಿ ಸತ್ತಿದ್ದನ್ನು ಆ ಹುಡುಗನೇ ಬಂದು ಹೇಳಿದನು. ಅಂದು ಚತುರ್ದಶಿ, ನಾನು ಉಪವಾಸದಲ್ಲಿದ್ದೆ. ನನ್ನ ಉಪವಾಸದ ಬೆಲೆ ಎಷ್ಟೆಂಬುದು ಅಂದು ತಿಳಿಯಿತು.

ಐದು ಅತಿಚಾರಗಳು

ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಗೆ ಮೀರಿದ ಭಾರವನ್ನು ಹೇರುವುದು, ಅನ್ನನೀರುಗಳನ್ನು ತಡೆಯುವುದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಹನ್ನೊಂದನೆಯ ಸೆಕ್ಷನ್ನನ್ನು ತೆರೆದರೆ ಈ ಐದೂ ಅಲ್ಲಿ ಬೇರೆ ಮಾತುಗಳಲ್ಲಿ ಸಿಗುತ್ತವೆ. ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಡುವುದು, ಹೊಡೆಯುವುದು, ಅಂಗಹೀನಗೊಳಿಸುವುದು, ಅಶಕ್ತ ಪ್ರಾಣಿಯನ್ನು ದುಡಿಸುವುದು, ಆಹಾರ ನೀರು ಕೊಡದಿರುವುದು ಅಪರಾಧಗಳು. ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದೂ ಅಪರಾಧವೇ. ಮೊದಲ ತಪ್ಪಿಗೆ ಕಾಯಿದೆಯು ನಿಗದಿ ಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ದಂಡಕ್ಕೆ ಹೆದರಿ ಯಾರೂ ನಾಯಿಯನ್ನು ಸಾಕುವುದಿಲ್ಲ, ವ್ರತಕ್ಕೆ ಹೆದರಿ ಸಾಕಬೇಕು.

ಆದರೆ ನಮ್ಮ ಶ್ರಾವಕಾಚಾರ ಗ್ರಂಥಗಳೇ ಹಿಂಸ್ರಪ್ರಾಣಿಗಳ ಪೋಷಣೆಯನ್ನು ನಿಷೇಧಿಸಿವೆಯಲ್ಲ ಎಂದು ತಿಳಿದವರು ಕೇಳುತ್ತಾರೆ. ಈ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಅಸತೀಪೋಷಣವನ್ನು ಶ್ರಾವಕನಿಗೆ ಸಲ್ಲದ ವ್ಯಾಪಾರಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಆದರೆ ಆ ಪಟ್ಟಿ ಜೀವನೋಪಾಯಗಳದು ಎಂಬುದನ್ನು ಮರೆಯಬಾರದು. ಲಾಭಕ್ಕಾಗಿ ಸಾಕುವುದು, ಮಾರುವುದು, ಬೇಟೆಗೆ ಬಿಡುವುದು ಅಲ್ಲಿನ ದೋಷ. ಬೇಟೆಯಿಂದ ಬಿಡುಗಡೆಯಾದ ಪ್ರಾಣಿಯನ್ನು ಮತ್ತೆ ಬೇಟೆಗೆ ಹೋಗದಂತೆ ಇರಿಸಿಕೊಳ್ಳುವುದು ಹಿಂಸೆಯ ಪೋಷಣೆಯಲ್ಲ, ಹಿಂಸೆಯ ನಿವೃತ್ತಿ. ಆದುದರಿಂದಲೇ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ಇಂತಹ ನಾಯಿಯನ್ನು ದುಡ್ಡು ಕೊಟ್ಟು ಕೊಳ್ಳಬಾರದು, ಮರಿ ಮಾಡಿಸಬಾರದು. ಸಂತಾನಹರಣ ಚಿಕಿತ್ಸೆಯೂ ಒಂದು ಛೇದವಲ್ಲವೇ ಎಂಬ ಅಳುಕು ನನಗೂ ಇತ್ತು. ಹುಟ್ಟಿಸಿ ಬೀದಿಗೆ ಬಿಡುವ ಹಿಂಸೆಯ ಮುಂದೆ ಅದು ಅಲ್ಪವೆಂದು ತೀರ್ಮಾನಿಸಿದೆ.

ಪಾಲನೆಯ ಕ್ರಮ

ಆ ಸಾವಿನ ಎರಡು ವರ್ಷಗಳ ಬಳಿಕ ಜಗಳೂರಿನ ಕಡೆಯ ಪರಿಚಿತ ರೈತರೊಬ್ಬರಿಂದ ಓಡಲಾರದ ಹೆಣ್ಣು ಬೇಟೆನಾಯಿಯೊಂದನ್ನು ಕೇಳಿ ತಂದೆವು. ನನ್ನ ಮನೆಯವರು ಮೊದಲು ಒಪ್ಪಲಿಲ್ಲ. ಆದರೆ ಮೂರು ತಿಂಗಳಲ್ಲಿ ಅದಕ್ಕೆ ಕಂಬಳಿ ಹೊದಿಸುವವರು ಅವರೇ ಆದರು. ಅದು ಆರು ವರ್ಷ ನಮ್ಮ ಹಿತ್ತಿಲಿನಲ್ಲಿ ಬಾಳಿತು. ಆ ಅನುಭವದಿಂದಲೂ ಪಶುವೈದ್ಯರಿಂದಲೂ ತಿಳಿದದ್ದನ್ನು ಇತರರ ಉಪಯೋಗಕ್ಕಾಗಿ ಬರೆಯುತ್ತೇನೆ.

ಈ ಜಾತಿಯ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಬರಿನೆಲದ ಮೇಲೆ ಮಲಗಿದರೆ ಮೊಣಕೈಗಳಲ್ಲಿ ಹುಣ್ಣಾಗುತ್ತದೆ. ದಪ್ಪನೆಯ ಗೋಣಿ ಅಥವಾ ಹಳೆಯ ಹಾಸಿಗೆ ಬೇಕು, ಚಳಿಗಾಲದಲ್ಲಿ ಹೊದಿಕೆ ಬೇಕು. ಹಿಂದಿನ ಸಂಸ್ಕಾರ ಬೇಗ ಬಿಡದು. ಬೆಕ್ಕು, ಕೋಳಿ, ಅಳಿಲುಗಳನ್ನು ಕಂಡರೆ ಓಡುತ್ತದೆ. ಎತ್ತರದ ಬೇಲಿಯಿಲ್ಲದ ಕಡೆ ಬಿಡಬಾರದು, ಹೊರಗೆ ಒಯ್ಯುವಾಗ ಪಟ್ಟಿ ಹಾಕಿ ಹಿಡಿದುಕೊಂಡೇ ನಡೆಸಬೇಕು. ಆದರೆ ಹಗಲೆಲ್ಲ ಕಟ್ಟಿಹಾಕಿದರೆ ಅದೇ ಬಂಧಾತಿಚಾರ. ಬೆಳಿಗ್ಗೆ ಸಂಜೆ ಅರ್ಧ ಗಂಟೆಯ ನಡಿಗೆ ಸಾಕು, ಓಟದ ನಾಯಿಯೆಂದು ಓಡಿಸುವ ಅಗತ್ಯವಿಲ್ಲ. ಅದು ದಿನದ ಬಹುಪಾಲು ಮಲಗಿಯೇ ಕಳೆಯುತ್ತದೆ.

ಆಹಾರದ ವಿಷಯದಲ್ಲಿ ನಮ್ಮವರಿಗಿರುವ ಅಂಜಿಕೆ ಅತಿಯಾದುದು. ಬೆಕ್ಕಿನಂತೆ ನಾಯಿಯು ಮಾಂಸವೊಂದರಿಂದಲೇ ಬದುಕುವ ಪ್ರಾಣಿಯಲ್ಲ. ಮುಧೋಳದ ಸೀಮೆಯಲ್ಲಿಯೇ ಜೋಳ, ಗೋಧಿ, ಮೆಕ್ಕೆಜೋಳದ ಹಿಟ್ಟನ್ನು ಹಾಲಿನೊಂದಿಗೆ ಕೊಟ್ಟು ಸಾಕುವವರಿದ್ದಾರೆ. ನಾವು ಜೋಳದ ರೊಟ್ಟಿ, ಚೆನ್ನಾಗಿ ಬೇಯಿಸಿದ ಬೇಳೆ, ಮೊಸರನ್ನಗಳನ್ನು ಹಗಲಿನಲ್ಲಿಯೇ ಎರಡು ಬಾರಿ ಕೊಟ್ಟೆವು. ಆದರೆ ಧಾನ್ಯದಿಂದಷ್ಟೇ ಪೋಷಣೆ ಪೂರ್ತಿಯಾಗದು. ಏನು ಸೇರಿಸಬೇಕೆಂದು ಪಶುವೈದ್ಯರನ್ನು ಕೇಳಿ, ಆರು ತಿಂಗಳಿಗೊಮ್ಮೆ ತೂಕ ನೋಡಿಸಬೇಕು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಗೆ ವಿಷ. ನಮ್ಮ ಅಡಿಗೆಮನೆಯಲ್ಲಿ ಆ ಭಯವಿಲ್ಲ. ಆದರೆ ದ್ರಾಕ್ಷಿಯೂ ವಿಷವೇ, ಒಣದ್ರಾಕ್ಷಿ ಬೆರೆಸಿದ ಸಿಹಿಯನ್ನು ಮಕ್ಕಳು ಪ್ರೀತಿಯಿಂದ ಹಾಕದಂತೆ ಎಚ್ಚರವಿರಲಿ. ಪ್ರತಿವರ್ಷ ಹುಚ್ಚುನಾಯಿ ರೋಗದ ಲಸಿಕೆ ಕಡ್ಡಾಯ. ಉಣ್ಣೆಗಳನ್ನು ಬರಿಗೈಯಲ್ಲಿ ಹೊಸಕಿ ಕೊಲ್ಲದೆ, ಅವು ಹತ್ತದಂತೆ ಮೊದಲೇ ಔಷಧ ಹಚ್ಚಿಸುವುದು ಅಹಿಂಸೆಗೂ ಆರೋಗ್ಯಕ್ಕೂ ಒಳಿತು. ಶಸ್ತ್ರಚಿಕಿತ್ಸೆ ಬೇಕಾದರೆ ಇದು ಬೇಟೆನಾಯಿಯ ಜಾತಿಯೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ಅರಿವಳಿಕೆಯ ಕೆಲವು ಔಷಧಗಳು ಈ ಜಾತಿಗೆ ಒಗ್ಗುವುದಿಲ್ಲ.

ಇನ್ನು ಬಸದಿಗಳ ಟ್ರಸ್ಟ್‌ಗಳಲ್ಲಿ ನನ್ನ ಬಿನ್ನಹ ಇಷ್ಟೇ. ಬಸದಿಯ ಆವರಣಕ್ಕೆ ನಾಯಿಯನ್ನು ತರಬೇಕೆಂದು ನಾನು ಹೇಳುವುದಿಲ್ಲ. ಶುಚಿಯ ನಿಯಮಗಳು ಇರುವಂತೆಯೇ ಇರಲಿ. ಆದರೆ ಅನೇಕ ಟ್ರಸ್ಟ್‌ಗಳಿಗೆ ಊರ ಹೊರಗೆ ತೋಟವೋ ಹೊಲವೋ ಇದೆ. ಅಲ್ಲಿ ಎರಡು ನಾಯಿಗಳಿಗೆ ನೆರಳು, ನೀರು, ಬೇಲಿ ಒದಗಿಸುವುದು ಅಸಾಧ್ಯವಲ್ಲ. ಜೀವದಯಾ ನಿಧಿಯ ಬಾಬಿನಲ್ಲಿ ಇದಕ್ಕೊಂದು ಉಪಖಾತೆಯನ್ನು ತೆರೆದು, ಮಹಾವೀರ ಜಯಂತಿಯಂದು ಅದರ ಜಮಾಖರ್ಚನ್ನು ಸಮಾಜದ ಮುಂದಿಡಲಿ. ಎರಡೇ ಸಾಕು. ಶಕ್ತಿಮೀರಿ ಇಪ್ಪತ್ತನ್ನು ತುಂಬಿ ಬೋನಿನಲ್ಲಿ ಕೊಳೆಯಿಸುವುದು ದಯೆಯಲ್ಲ. ಮನೆಯಲ್ಲಿ ಇರಿಸಿಕೊಳ್ಳಬಲ್ಲ ಕುಟುಂಬವಿದ್ದರೆ ವೈದ್ಯರ ಖರ್ಚನ್ನಷ್ಟೇ ಟ್ರಸ್ಟ್ ಭರಿಸಲಿ.

ನಮ್ಮ ಮನೆಯ ನಾಯಿ ಕೊನೆಯ ವಾರ ಏಳಲಾರದೆ ಮಲಗಿದ್ದಾಗ, ನನ್ನ ಮನೆಯವರು ದಿನವೂ ಸಂಜೆ ಅದರ ಬಳಿ ಕುಳಿತು ಮೆಲುದನಿಯಲ್ಲಿ ಣಮೋಕಾರವನ್ನು ಹೇಳುತ್ತಿದ್ದರು. ಜೀವಂಧರನ ಕಥೆಯನ್ನು ನಾನು ಹತ್ತಾರು ಬಾರಿ ಓದಿದ್ದೆ, ಉಪನ್ಯಾಸಗಳಲ್ಲಿ ಹೇಳಿದ್ದೆ. ಅದನ್ನು ಆಚರಣೆಗೆ ತಂದದ್ದು ನಾನಲ್ಲ, ಅವರು. ಆ ನಾಯಿಗೆ ನಾವು ಕಲ್ಲು ನೆಡಲಿಲ್ಲ. ಹಿತ್ತಿಲಿನ ಹುಣಿಸೆಮರದ ಕೆಳಗೆ ಮಣ್ಣು ಮಾಡಿದೆವು. ಅದರ ಕಂಬಳಿಯನ್ನು ಒಗೆದು ಮಡಿಸಿ ಇಟ್ಟಿದ್ದೇವೆ, ಇನ್ನೊಂದು ಬಂದರೆ ಬೇಕಾಗುತ್ತದೆ.